ತೋಟೆ ತೊಳೆಯುತ್ತಿದ್ದ ಅತ್ತೆ

ನನ್ನ ಅತ್ತೆಗೆ ಯಾವಾಗಲೂ ಎರಡು ಕನ್ನಡಕ. ಒಂದು ಮೂಗಿನ ಮೇಲೆ, ಇನ್ನೊಂದು ಬೆಳ್ಳಿಗೂದಲಿನಲ್ಲಿ ಸಿಕ್ಕಿಸಿದ್ದು. ಹಿತ್ತಾಳೆಯ ಖಾಲಿ ತೋಟೆಯೊಂದನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಮೂಗಿನ ಕನ್ನಡಕದಲ್ಲಿ ಒಮ್ಮೆ ನೋಡುವರು. ಆಮೇಲೆ ಅದನ್ನು ತೆಗೆದು, ತಲೆಯ ಮೇಲಿನದನ್ನು ಇಳಿಸಿ ಇನ್ನೊಮ್ಮೆ ನೋಡುವರು. ಮಾರ್ಕೆಟ್ಟಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುವಾಗಿನ ಮುಖವೇ ಅದು. ಒಳಗೆ ಚೂರು ಮಸಿ ಕಂಡರೆ ಮೂಗು ಸುಕ್ಕಾಗುತ್ತಿತ್ತು. ಚೊಕ್ಕವಾಗಿದ್ದರೆ ಭುಜ ಕುಣಿಸಿ ನಕ್ಕು, "ನೋಡು ಮಾರಾಯ್ತಿ, ಈಗ ಹುಟ್ಟಿದ ಮಗುವಿನ ಹಾಗೆ ಉಂಟು!" ಎಂದು ಅದನ್ನು ನನ್ನ ಮುಖಕ್ಕೆ ಹಿಡಿಯುತ್ತಿದ್ದರು. ನಾನು ನೋಡಿ ತಲೆಯಾಡಿಸುವ ತನಕ ಕೈ ಇಳಿಸುತ್ತಿರಲಿಲ್ಲ.

ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಗೆ ನಾವು ಶೂಟಿಂಗಿನವರು ಕೇಸ್ ಎನ್ನುತ್ತೇವೆ. ಅತ್ತೆಗೆ ಮೊದಲ ದಿನದಿಂದಲೂ ಅದು ತೋಟೆ. ಅದನ್ನು ಎಸೆಯಬೇಕಾಗಿಲ್ಲ. ಬುಡದಲ್ಲಿ ಕಿಡಿ ಹೊತ್ತಿಸುವ ಕ್ಯಾಪು ಸುಟ್ಟಿರುತ್ತದೆ, ಅದನ್ನು ತೆಗೆದು, ಚೆನ್ನಾಗಿ ತೊಳೆದು ಒಣಗಿಸಿದರೆ, ಹೊಸ ಕ್ಯಾಪು, ಹೊಸ ಮದ್ದು, ಹೊಸ ಗುಂಡು ಹಾಕಿ ಮತ್ತೆ ಮತ್ತೆ ಹಾರಿಸಬಹುದು. ಕುವೈತಿನ ಊರಾಚೆ, ಮರಳುಗಾಡಿಗೆ ಬೆನ್ನು ಕೊಟ್ಟು ನಿಂತ ಒಂದು ಶೂಟಿಂಗ್ ಕ್ಲಬ್ಬಿನ ಹಿಂಬದಿಯ ಕೋಣೆಯಲ್ಲಿ ಆ ತೊಳೆಯುವ ಕೆಲಸವನ್ನು ನನ್ನ ಅತ್ತೆ ವರ್ಷಗಟ್ಟಲೆ ಮಾಡಿದರು. ಯಾರೂ ಮಾಡಿ ಎಂದಿರಲಿಲ್ಲ. ಬೇಡ ಎನ್ನುವ ಧೈರ್ಯವೂ ಆಮೇಲೆ ಯಾರಿಗೂ ಉಳಿಯಲಿಲ್ಲ.

ನಾನು ಮೈಸೂರಿನವಳು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ರೈಫಲ್ ಹಿಡಿದವಳು. ಮದುವೆಯಾಗಿ ಕುವೈತಿಗೆ ಬಂದು ಶರ್ಕ್‌ನ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದೆಲ್ಲ ಮುಗಿದ ಕಥೆ ಅಂದುಕೊಂಡಿದ್ದೆ. ಹೀಗಿರುವಾಗ ಸಹೋದ್ಯೋಗಿಯೊಬ್ಬಳು ವಾರದ ರಜೆಯ ಒಂದು ಶುಕ್ರವಾರ ಆ ಕ್ಲಬ್ಬಿಗೆ ಕರೆದುಕೊಂಡು ಹೋದಳು. ಕೈಗೆ ರಿವಾಲ್ವರ್ ಬಂತು. ಮೊದಲ ಗುಂಡಿಗೇ ಮೈಯೆಲ್ಲ ಎಚ್ಚರವಾಯಿತು. ಅಲ್ಲಿಂದ ಮುಂದೆ ಶುಕ್ರವಾರ ಎಂದರೆ ನನಗೆ ಕ್ಲಬ್ಬು.

ಅಷ್ಟರಲ್ಲಿ ಅತ್ತೆ ಬಂದರು. ಉಡುಪಿಯ ಕಡೆಯವರು. ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ವಿಂಗಡಿಸುವ ಕೆಲಸಕ್ಕೆ ಸೇರಿ, ಆ ವಿಭಾಗಕ್ಕೇ ಮುಖ್ಯಸ್ಥೆಯಾಗಿ ನಿವೃತ್ತರಾದವರು. ನಿವೃತ್ತಿಯಾದ ಮರುವಾರವೇ ಮಗನಿಗೆ ಫೋನು ಮಾಡಿ, "ಅಲ್ಲಿ ಇರ್ಲಿಕ್ಕೆ ಇಕಾಮಾ ಮಾಡಿಸು, ನಾನು ಬರ್ತೇನೆ. ಇಲ್ಲಿ ಕೂತ್ರೆ ನನ್ನ ಕೈಗೆ ತುಕ್ಕು ಹಿಡೀತದೆ" ಎಂದಿದ್ದರು. ಬಂದದ್ದು ಸಾಲ್ಮಿಯಾದ ನಮ್ಮ ಫ್ಲ್ಯಾಟಿಗೆ. ಮುಚ್ಚಿದ ಕಿಟಕಿ, ದಿನವಿಡೀ ಗುಂಯ್‌ಗುಡುವ ಎಸಿ. ಒಂದೇ ವಾರದಲ್ಲಿ ಮನೆಯ ಡಬ್ಬಗಳನ್ನೆಲ್ಲ ತಿಕ್ಕಿ, ಇನ್ನು ತಿಕ್ಕಲು ಏನೂ ಇಲ್ಲದೆ ನನ್ನನ್ನೇ ನೋಡತೊಡಗಿದರು.

ಬಂದೂಕಿನ ವಿಷಯ ಅವರಿಗೆ ಹೇಗೆ ಹೇಳುವುದು ಎಂದು ನಾನೂ ನನ್ನ ಗಂಡನೂ ತಲೆ ಕೆಡಿಸಿಕೊಂಡಿದ್ದೆವು. ಹೇಳಬೇಕಾಗಿ ಬರಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ನಾನು ಒಳಗೆ ಕಾಲಿಟ್ಟ ಕೂಡಲೇ ಅತ್ತೆ ಬಾಗಿಲಲ್ಲೇ ತಡೆದು, ನನ್ನ ದುಪಟ್ಟಾ ಮೂಸಿದರು.

"ನಿನ್ನ ಚೂಡಿದಾರಿಗೆ ದೀಪಾವಳಿ ವಾಸನೆ ಬರ್ತದಲ್ಲ! ಎಲ್ಲಿಗೆ ಹೋಗಿದ್ದೆ?"

ನಾನು ಗಂಡನ ಮುಖ ನೋಡಿದೆ. ಅವರು ಪೇಪರಿನ ಹಿಂದೆ ಅಡಗಿದರು.

"ಅತ್ತೆ, ಅದು... ಶೂಟಿಂಗ್ ರೇಂಜು. ರಿವಾಲ್ವರ್ ಹೊಡೆಯೋದು ಕಲೀತಿದೀನಿ."

ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಇಷ್ಟು ವಾರದಿಂದ ನಾನಿಲ್ಲಿ ಗೋಡೆ ನೋಡ್ಕೊಂಡು ಕೂತಿದ್ದೇನೆ. ನೀನು ಒಬ್ಬಳೇ ಹೋಗಿ ಪಟಾಕಿ ಹೊಡೆದು ಬರುದಾ? ಬರುವ ವಾರ ನಾನೂ ಬರ್ತೇನೆ!"

ಬಂದರು. ಕಿವಿಗೆ ದೊಡ್ಡ ಇಯರ್‌ಮಫ್ ಹಾಕಿಕೊಂಡು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಜಿನ ಹಿಂದೆ ನಿಂತು ಪ್ರತಿ ಗುಂಡಿಗೂ ಹಾರಿ ಬೀಳುತ್ತ ನಕ್ಕರು. ಆದರೆ ಅವರ ಕಣ್ಣು ಗುರಿಯ ಕಡೆ ಹೋಗಲೇ ಇಲ್ಲ. ನಾನು ರಿವಾಲ್ವರ್ ಖಾಲಿ ಮಾಡಿ ತೋಟೆಗಳನ್ನು ಬಕೆಟ್ಟಿಗೆ ಸುರಿದಾಗಲೆಲ್ಲ ಅವರು ಬಕೆಟ್ಟನ್ನೇ ನೋಡುತ್ತಿದ್ದರು. ಕಡೆಗೆ ತಡೆಯಲಾರದೆ ಬಂದು ಒಂದನ್ನು ಎತ್ತಿದರು.

"ಹಿತ್ತಾಳೆ ಅಲ್ವಾ ಇದು? ಅಯ್ಯೋ, ಇಷ್ಟು ಕಪ್ಪು ಮಾಡಿ ಇಟ್ಟಿದ್ದಾರಲ್ಲ!"

ಮತ್ತೆ ಮದ್ದು ತುಂಬುವ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಕುವೈತಿ ಹಿರಿಯರು. ದೊಡ್ಡ ಬಿಳಿ ಮೀಸೆ, ನಿಧಾನದ ಮಾತು. ಎಲ್ಲರೂ ಅವರನ್ನು ಅಮ್ಮಿ ಎಂದು ಕರೆಯುತ್ತಿದ್ದರು. ಅರಬ್ಬಿಯಲ್ಲಿ ಚಿಕ್ಕಪ್ಪ ಎಂದರ್ಥ. ಅತ್ತೆ ಅದನ್ನು ಕೇಳಿ ಬಾಯಿಗೆ ಸೆರಗು ಒತ್ತಿಕೊಂಡರು. "ಇಷ್ಟು ಮೀಸೆ ಇರುವವರನ್ನು ಅಮ್ಮಿ ಹೇಳುದಾ!" ಅಮ್ಮಿಗೆ ಹಳೆಯ ಮುಂಬಯಿ ವ್ಯಾಪಾರದ ಹಿಂದಿ ಸ್ವಲ್ಪ ಬರುತ್ತಿತ್ತು. ಅತ್ತೆಗೆ ಅದಕ್ಕಿಂತಲೂ ಕಡಿಮೆ ಬರುತ್ತಿತ್ತು. ಇಬ್ಬರ ನಡುವೆ ಹತ್ತು ನಿಮಿಷ ಏನು ಮಾತಾಯಿತೋ, ಅತ್ತೆ ಕೈಗೆ ರಬ್ಬರ್ ಗ್ಲೌಸು ಏರಿಸಿಕೊಂಡು ತೊಟ್ಟಿಯ ಮುಂದೆ ನಿಂತಿದ್ದರು. ಮಸಿಯಲ್ಲಿ ಸೀಸ ಇರುತ್ತದೆ, ಗ್ಲೌಸಿಲ್ಲದೆ ಮುಟ್ಟಬಾರದು, ಕೈ ತೊಳೆಯದೆ ಏನೂ ತಿನ್ನಬಾರದು, ಮದ್ದಿನ ಕಪಾಟಿನ ಹತ್ತಿರ ಸುಳಿಯಲೇಬಾರದು. ಇಷ್ಟು ಅಮ್ಮಿಯ ಕಟ್ಟಳೆ. ಅತ್ತೆ ಎಲ್ಲಕ್ಕೂ "ಜೈನ್, ಜೈನ್" ಎಂದರು. ಸರಿ ಎನ್ನುವುದಕ್ಕೆ ಅದೊಂದು ಅರಬ್ಬಿ ಮಾತನ್ನು ತರಕಾರಿ ಅಂಗಡಿಯಲ್ಲಿ ಕಲಿತಿದ್ದರು.

ಎರಡನೆಯ ಶುಕ್ರವಾರವೇ ಎಡವಟ್ಟಾಯಿತು.

ಅಲ್ಲಿ ತೊಳೆಯುವುದಕ್ಕೊಂದು ಸಣ್ಣ ಡ್ರಮ್ಮಿತ್ತು. ನೀರು, ಚಿಟಿಕೆ ನಿಂಬೆ ಉಪ್ಪು, ಒಂದು ತೊಟ್ಟು ಪಾತ್ರೆ ಸೋಪು, ಜೊತೆಗೆ ಗುಂಡುಸೂಜಿಯ ಚೂರಿನಂಥ ಸ್ಟೀಲ್ ಕಡ್ಡಿಗಳು. ಅದು ಗಂಟೆಗಟ್ಟಲೆ ಉರುಳಿದರೆ ತೋಟೆಗಳು ಒಳಗೂ ಹೊರಗೂ ಬೆಳಗುತ್ತಿದ್ದವು. ಅತ್ತೆಗೆ ಅಷ್ಟು ತಾಳ್ಮೆ ಇರಲಿಲ್ಲ. ಮನೆಯಿಂದ ಚೀಲದಲ್ಲಿ ಹಿತ್ತಾಳೆ ಪಾಲಿಶಿನ ಬಾಟಲಿ ತಂದಿದ್ದರು. ನಾನು ರೇಂಜಿನಲ್ಲಿದ್ದೆ, ಅಮ್ಮಿ ನಮಾಜಿಗೆ ಹೋಗಿದ್ದರು. ನಾವಿಬ್ಬರೂ ತಿರುಗಿ ಬರುವಷ್ಟರಲ್ಲಿ ಕ್ಲಬ್ಬಿನ ಅತ್ಯುತ್ತಮ ತೋಟೆಗಳ ಒಂದು ಇಡೀ ಟ್ರೇ, ಮದುವೆ ಮನೆಯ ಚಿನ್ನದ ಹಾಗೆ ಝಗಝಗಿಸುತ್ತ ಕೂತಿತ್ತು.

"ಶೂಫ್, ಶೂಫ್!" ಎಂದು ಅತ್ತೆ ಕೈ ಚಾಚಿ ತೋರಿಸಿದರು. ನೋಡಿ, ನೋಡಿ!

ಅಮ್ಮಿ ಒಂದನ್ನು ಎತ್ತಿ ಮೂಸಿದರು. ಬಾಟಲಿಯ ಮುಚ್ಚಳ ತೆಗೆದು ಅದನ್ನೂ ಮೂಸಿದರು. ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿ, ಇದರಲ್ಲಿ ಅಮೋನಿಯಾ ಇದೆ, ಅದು ಹಿತ್ತಾಳೆಯನ್ನು ಒಳಗಿನಿಂದ ಬಿರಿಸುತ್ತದೆ, ಮೇಲೆ ಏನೂ ಕಾಣುವುದಿಲ್ಲ, ಗುಂಡು ಹಾರುವಾಗ ಕೈಯಲ್ಲೇ ಸಿಡಿಯಬಹುದು ಎಂದು ಮೆಲ್ಲಗೆ ಹೇಳಿದರು. ಬೈಯಲಿಲ್ಲ. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

ಅತ್ತೆಯ ಬಾಯಿ ತೆರೆದೇ ಇತ್ತು. "ಯಾರ ಕೈಯಲ್ಲಿ ಸಿಡಿಯುದು?"

"ಯಾರು ಹೊಡೀತಾರೋ ಅವರ ಕೈಯಲ್ಲಿ."

"ನಿನ್ನ ಕೈಯಲ್ಲಾ?"

ಅತ್ತೆ ನನ್ನ ಬಲಗೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಒಂದು ಕ್ಷಣ ನಿಂತರು. ಆಮೇಲೆ ಗೋಡೆಯಲ್ಲಿದ್ದ ಸುತ್ತಿಗೆ ಇಳಿಸಿ, ಆ ಟ್ರೇಯನ್ನು ಎತ್ತಿಕೊಂಡು ಅಂಗಳಕ್ಕೆ ಹೋಗಿ ಕೂತರು. ಒಂದೊಂದೇ ತೋಟೆಯನ್ನು ಕಲ್ಲಿನ ಮೇಲಿಟ್ಟು ಚಪ್ಪಟೆ ಮಾಡಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಸುತ್ತಿಗೆ ಬೀಳುತ್ತಿತ್ತು. ಅಮ್ಮಿ ಬಂದು "ಖಲಾಸ್, ಖಲಾಸ್, ನಾವು ಗುಜರಿಗೆ ಹಾಕುತ್ತೇವೆ" ಎಂದರೂ ಬಿಡಲಿಲ್ಲ. "ಗುಜರಿಯಿಂದ ಯಾರಾದ್ರೂ ಹೆಕ್ಕಿ ತಂದ್ರೆ?" ಎಂದು ಕೊನೆಯದರ ತನಕ ಬಡಿದೇ ಎದ್ದರು.

ಇನ್ನು ಬರುವುದಿಲ್ಲ ಎಂದು ನಾನು ತಿಳಿದಿದ್ದೆ. ಮುಂದಿನ ಶುಕ್ರವಾರ ನನಗಿಂತ ಮೊದಲೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು! "ತಪ್ಪು ಮಾಡಿದವಳಿಗೇ ಸರಿ ಗೊತ್ತಾಗುದು. ಹೊರಡು."

ಅಲ್ಲಿಂದ ಶುರುವಾಯಿತು ನೋಡಿ. ನಿಂಬೆ ಉಪ್ಪು ಹೆಚ್ಚಾದರೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ ಎಂದು ಒಮ್ಮೆ ಗುಲಾಬಿ ಮಾಡಿಯೇ ಕಲಿತರು. ಸ್ಟೀಲ್ ಕಡ್ಡಿ ಒಳಗೆ ಸಿಕ್ಕಿಕೊಂಡಿದೆಯೋ ಎಂದು ಪ್ರತಿಯೊಂದನ್ನೂ ಬೋರಲು ಹಾಕಿ ತಟ್ಟುತ್ತಿದ್ದರು. ಬಾಯಲ್ಲಿ ಒಂದೇ ಮಾತು: "ಹೊಳೆಯುದು ಬೇರೆ, ಚೊಕ್ಕ ಇರುದು ಬೇರೆ." ಇದನ್ನು ಅವರು ತೋಟೆಗೆ ಮಾತ್ರ ಹೇಳುತ್ತಿರಲಿಲ್ಲ. ಟಿವಿಯಲ್ಲಿ ಯಾರಾದರೂ ಚೆಂದವಾಗಿ ಮಾತಾಡಿದರೂ ಹೇಳುತ್ತಿದ್ದರು, ಹೊಸ ಸೋಫಾ ನೋಡಲು ಹೋದಾಗಲೂ ಹೇಳಿದರು, ನನ್ನ ಮ್ಯಾನೇಜರ್ ಊಟಕ್ಕೆ ಬಂದು ಹೋದ ಮೇಲೂ ಹೇಳಿದರು.

ಅವರ ಇನ್ನೊಂದು ವಿದ್ಯೆ ಕಿವಿಯದು. ಇದನ್ನು ಕಲಿಸಿದವರು ಅಮ್ಮಿ. ನಾಲ್ಕೈದು ತೋಟೆಗಳನ್ನು ಅಂಗೈಯಲ್ಲಿ ಹಾಕಿ ಕವಡೆಯಂತೆ ಕುಲುಕಬೇಕು. ಎಲ್ಲವೂ ಗಟ್ಟಿಯಿದ್ದರೆ ಗೆಜ್ಜೆಯ ಸದ್ದು. ಒಂದು ಬಿರಿದಿದ್ದರೂ ಒಡಕು ಮಡಕೆಯ ಸದ್ದು ನಡುವೆ ಬರುತ್ತದೆ. ನನಗೆ ಇವತ್ತಿಗೂ ಅರ್ಧ ಸಲ ಗೊತ್ತಾಗುವುದಿಲ್ಲ. ಅತ್ತೆ ಅಡಿಗೆ ಮನೆಯಲ್ಲಿ ಚಮಚಗಳನ್ನು ಕುಲುಕಿ ಕುಲುಕಿ ಅಭ್ಯಾಸ ಮಾಡಿದರು. "ಅಮ್ಮ, ಎಂತ ಇದು ತಾಳಮದ್ದಳೆ?" ಎಂದು ಮಗ ಕೇಳಿದರೆ, "ನಿನಗೆ ಕಿವಿ ಇಲ್ಲ, ಸುಮ್ಮನಿರು" ಎನ್ನುವರು.

ಈಗ ಆ ಪಂದ್ಯದ ವಿಷಯ ಹೇಳಲೇಬೇಕು.

ನಮ್ಮ ಕ್ಲಬ್ಬಿಗೂ ಇನ್ನೊಂದು ಕ್ಲಬ್ಬಿಗೂ ಮಹಿಳೆಯರ ರಿವಾಲ್ವರ್ ಪಂದ್ಯ. ನಮ್ಮ ತಂಡದಲ್ಲಿ ಮೂವರು: ನಾನು, ಒಬ್ಬ ಫಿಲಿಪೈನ್ಸ್ ನರ್ಸ್, ಒಬ್ಬ ಕುವೈತಿ ಶಾಲಾ ಶಿಕ್ಷಕಿ. ಶನಿವಾರ ಪಂದ್ಯ. ಫ್ಯಾಕ್ಟರಿಯಲ್ಲೇ ಮದ್ದು ತುಂಬಿಸಿ ತರಿಸಿದ ಹೊಸ ತೋಟೆಗಳು ಬಂದರಿನಿಂದ ಸಮಯಕ್ಕೆ ಹೊರಗೆ ಬರುವುದಿಲ್ಲ ಎಂದು ಗುರುವಾರ ಗೊತ್ತಾಯಿತು. ತೊಂದರೆ ಇಲ್ಲ, ನಾವೇ ತುಂಬೋಣ ಎಂದರು ಅಮ್ಮಿ. ಶುಕ್ರವಾರ ಬೆಳಿಗ್ಗೆ ಡ್ರಮ್ಮಿಗೆ ತೋಟೆ ಸುರಿದು ಸ್ವಿಚ್ಚು ಒತ್ತಿದರೆ ಮೋಟಾರು ಗುಂಯ್ ಎಂದು, ಹೊಗೆ ಬಿಟ್ಟು, ನಿಂತಿತು.

ನನ್ನ ಗಂಡ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಂಜಿನಿಯರು. ಮೋಟಾರು ಬಿಚ್ಚಿ ಕಾರಿಗೆ ಹಾಕಿಕೊಂಡು ಅಲ್ಲಿಗೆ ಓಡಿದರು. ಅಲ್ಲಿಂದ ಫೋನು: "ಶುಕ್ರವಾರ ಅಲ್ವಾ, ಎಲ್ಲ ಶಟರು ಎಳೆದಿದ್ದಾರೆ. ಸಂಜೆಯವರೆಗೆ ಒಬ್ಬನೂ ತೆಗೆಯುದಿಲ್ಲ."

ಅಮ್ಮಿ ಕುರ್ಚಿಯಲ್ಲಿ ಕುಸಿದರು. ಪಂದ್ಯ ಮುಂದೂಡಲು ಕೇಳಬೇಕಷ್ಟೇ ಎಂದರು. ಅತ್ತೆ ನನ್ನ ಭುಜ ತಟ್ಟಿ ಕೇಳಿದರು, "ಎಂತ ಹೇಳಿದ್ರು?" ನಾನು ಹೇಳಿದೆ.

"ಮೋಟಾರು ಇಲ್ಲದಿದ್ರೆ ಕೈ ಇಲ್ವಾ?" ಎಂದವರೇ ಅಂಗಳಕ್ಕೆ ಹೋಗಿ ಜೋರಾಗಿ ಕೂಗಿದರು. "ಯಲ್ಲಾ! ಎಲ್ಲ ಬನ್ನಿ! ಯಲ್ಲಾ, ಯಲ್ಲಾ!"

ಬಂದರು ಎಂದರೆ ಬಂದರು! ಅಭ್ಯಾಸಕ್ಕೆ ಬಂದ ಶೂಟರುಗಳು, ಗೇಟಿನ ಬಂಗಾಳಿ ಭಾಯಿ, ಚಹಾ ಮಾಡುವ ಮಲಯಾಳಿ, ನನ್ನ ತಂಡದ ಇಬ್ಬರು. ಅತ್ತೆ ಎಲ್ಲರ ಕೈಗೂ ಗ್ಲೌಸು ಏರಿಸಿದರು. ಸಾಲಾಗಿ ಬಕೆಟ್ಟು ಇಟ್ಟರು: ಮೊದಲು ಸೋಪಿನ ಬಿಸಿನೀರು, ಆಮೇಲೆ ನಿಂಬೆ ಉಪ್ಪು, ಆಮೇಲೆ ಬರೇ ನೀರು, ಮತ್ತೊಮ್ಮೆ ಬರೇ ನೀರು. ಒಬ್ಬೊಬ್ಬರಿಗೂ ಸಣ್ಣ ಬ್ರಷ್ಷು. ಶಿಕ್ಷಕಿಯ ಬಕೆಟ್ಟು ನೋಡಿ "ಇದು ಜೈನ್", ನರ್ಸಿನ ಬಕೆಟ್ಟು ನೋಡಿ "ಇದು ಮಾಫಿ ಜೈನ್, ಪುನಃ ತೊಳಿ" ಎಂದು ಕೈ ಹಿಂದೆ ಕಟ್ಟಿಕೊಂಡು ನಡೆದಾಡಿದರು. ಅವರು ಗೇರುಬೀಜದ ಫ್ಯಾಕ್ಟರಿಯಲ್ಲಿ ಹೇಗಿದ್ದಿರಬಹುದು ಎಂದು ನನಗೆ ಅವತ್ತು ಕಂಡಿತು. ಜನ ನಗುತ್ತಿದ್ದರು, ಹಾಡುತ್ತಿದ್ದರು, ಒಬ್ಬರ ಮೇಲೊಬ್ಬರು ನೀರು ಎರಚುತ್ತಿದ್ದರು. ಹಾಗೆಂದು ಕೆಲಸ ಒಂದು ಕ್ಷಣವೂ ನಿಲ್ಲಲಿಲ್ಲ.

ತೊಳೆದದ್ದನ್ನು ಅಂಗಳದಲ್ಲಿ ಬಿಳಿ ಬೆಡ್‌ಶೀಟು ಹಾಸಿ ಹರವಿದೆವು. ಕುವೈತಿನ ಬಿಸಿಲು, ಒಣಗುವುದಕ್ಕೆ ಎಷ್ಟು ಹೊತ್ತು! ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಚಹಾಕ್ಕೆ ಕೈ ಚಾಚಿದ್ದಷ್ಟೇ. ಗೇಟಿನ ಭಾಯಿ ಕೂಗಿಕೊಂಡ. ಮರಳುಗಾಡಿನ ಅಂಚಿನಲ್ಲಿ ಕಂದು ಗೋಡೆಯೊಂದು ಎದ್ದಿತ್ತು. ಧೂಳಿನ ಬಿರುಗಾಳಿ! ಒದ್ದೆ ಹಿತ್ತಾಳೆಗೆ ಆ ಹಿಟ್ಟಿನಂಥ ಮಣ್ಣು ಹಿಡಿದರೆ ಮತ್ತೆ ಮೊದಲಿಂದ ತೊಳೆಯಬೇಕು.

"ಮೂಲೆ ಹಿಡೀರಿ!" ಎಂದು ಅತ್ತೆ ಚೀರಿದರು. ಅಚ್ಚ ಕನ್ನಡದಲ್ಲಿ. ಅಷ್ಟು ದೇಶದ ಜನಕ್ಕೂ ಅರ್ಥವಾಯಿತು. ಬೆಡ್‌ಶೀಟಿಗೆ ನಾಲ್ಕು ಮೂಲೆಯಲ್ಲಿ ನಾಲ್ವರು. ಒಂದರಲ್ಲಿ ಅತ್ತೆ, ಒಂದರಲ್ಲಿ ಅಮ್ಮಿ. ಅಮ್ಮಿಯ ಬಿಳಿ ನಿಲುವಂಗಿ ದಿಶ್‌ದಾಶಾ ಗಾಳಿಗೆ ಉಬ್ಬಿತ್ತು, ಅತ್ತೆಯ ಸೆರಗು ಬಾವುಟದಂತೆ ಹಾರುತ್ತಿತ್ತು, ನಡುವೆ ಸಾವಿರ ಗೆಜ್ಜೆ ಕಟ್ಟಿದ ಹಾಗೆ ತೋಟೆಗಳು ಝಣಝಣ ಎನ್ನುತ್ತಿದ್ದವು. ನಾವು ಒಳಗೆ ನುಗ್ಗಿ ಬಾಗಿಲು ಹಾಕಿದ್ದೂ ಆಕಾಶ ಕಿತ್ತಳೆಯಾಗಿ ಕಿಟಕಿ ಕಾಣದಾದದ್ದೂ ಒಟ್ಟಿಗೇ. ಅತ್ತೆ ಏದುಸಿರು ಬಿಡುತ್ತ ನೆಲದಲ್ಲಿ ಕೂತು, ತಲೆಯ ಮೇಲಿದ್ದ ಕನ್ನಡಕ ಇಳಿಸಿ, ಒಂದು ತೋಟೆ ಎತ್ತಿ ನೋಡಿದರು. "ಒಂದು ಹರಳು ಮಣ್ಣಿಲ್ಲ!" ಎಂದು ಅಮ್ಮಿಯ ತೋಳಿಗೆ ಒಂದು ಪೆಟ್ಟು ಕೊಟ್ಟರು. ಆಮೇಲೆ ತಾನು ಏನು ಮಾಡಿದೆ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡರು. ಅಮ್ಮಿ ಮೀಸೆಯೊಳಗೇ ನಗುತ್ತಿದ್ದರು.

ಹೊರಗೆ ಗಾಳಿ ಊಳಿಡುತ್ತಿರುವಾಗ ಅತ್ತೆ ಫ್ಯಾನಿನ ಕೆಳಗೆ ತೋಟೆಗಳನ್ನು ಒಣಗಿಸಿ, ಹಿಡಿ ಹಿಡಿಯಾಗಿ ಕುಲುಕುತ್ತ ಹೋದರು. ಕೊನೆಯ ಹಿಡಿಗಳಲ್ಲಿ ಒಮ್ಮೆ ನಿಂತರು. ಮತ್ತೆ ಕುಲುಕಿದರು. ಒಂದನ್ನು ಬೇರೆ ಮಾಡಿ ಅಮ್ಮಿಯ ಕೈಗೆ ಕೊಟ್ಟರು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ತೋಟೆಯ ಬಾಯಂಚಿನಲ್ಲಿ ಕೂದಲೆಳೆಯಂಥ ಬಿರುಕು ತೋರಿಸಿದರು. ಅದು ನನ್ನ ಪಾಲಿಗೆ ಬರಬಹುದಾಗಿದ್ದ ತೋಟೆ, ಅಥವಾ ಆ ನರ್ಸಿನ ಪಾಲಿಗೆ. ಅತ್ತೆ ಆಗಲೇ ಎದ್ದು ಸುತ್ತಿಗೆ ಹುಡುಕುತ್ತಿದ್ದರು.

ಮದ್ದು ತುಂಬಿದವರು ಅಮ್ಮಿ. ಮರುದಿನ ಗಾಳಿ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು. ಮೊದಲ ಸುತ್ತಿನಲ್ಲಿ ನಾನು ಕೆಟ್ಟದಾಗಿ ಹೊಡೆದೆ. ಎರಡನೆಯದರಲ್ಲಿ ಸುಧಾರಿಸಿದೆ. ಕೊನೆಯ ಸುತ್ತಿಗೆ ಬರುವಾಗ ಎರಡೂ ತಂಡ ಸಮಸಮ. ಹಿಂದೆ ತಿರುಗಿ ಗಾಜಿನತ್ತ ನೋಡಿದೆ. ಅತ್ತೆ ಕಣ್ಣು ಮುಚ್ಚಿ, ಇಯರ್‌ಮಫ್ಫನ್ನು ಒಂದು ಕಿವಿಯಿಂದ ಸರಿಸಿ ನಿಂತಿದ್ದರು. ಅವರು ಗುರಿ ನೋಡುತ್ತಿರಲಿಲ್ಲ, ಸದ್ದು ಕೇಳುತ್ತಿದ್ದರು. ಅದನ್ನು ಕಂಡು ನನಗೆ ನಗು ಬಂತು. ನಗು ಬಂದದ್ದೇ ಹೆಗಲಿನ ಬಿಗಿ ಬಿಟ್ಟಿತು. ಉಸಿರು ಬಿಟ್ಟು, ತಡೆದು, ಒತ್ತಿದೆ. ಒಂದಾದ ಮೇಲೊಂದು ಕಪ್ಪು ವೃತ್ತದ ನಡುವೆ ಹೋಗಿ ಕೂತವು.

ಗೆದ್ದೆವು! ಎರಡೇ ಅಂಕದಿಂದ, ಆದರೆ ಗೆದ್ದೆವು. ನರ್ಸ್ ನನ್ನನ್ನು ಎತ್ತಿ ತಿರುಗಿಸಿದಳು, ಶಿಕ್ಷಕಿ ಅಳುತ್ತಿದ್ದಳು. ನಾನು ಓಡಿ ಅತ್ತೆಯ ಬಳಿ ಹೋದೆ. ಅವರ ಮುಖ ನನಗಿಂತ ಕೆಂಪಾಗಿತ್ತು.

"ಅತ್ತೆ, ಗೆದ್ವಿ!"

"ಅದು ಬಿಡು. ಒಂದೂ ಠುಸ್ ಆಗ್ಲಿಲ್ಲ ನೋಡಿದ್ಯಾ? ಒಂದೇ ಒಂದು?"

ಅವರಿಗೆ ಗೆಲುವು ಎಂದರೆ ಅದು.

ಆ ಸಂತೋಷದಲ್ಲಿ ಅಮ್ಮಿ ಅತ್ತೆಯ ಕೈಗೂ ಒಂದು ಸಣ್ಣ ಪಿಸ್ತೂಲು ಕೊಟ್ಟು, ಪಕ್ಕದಲ್ಲೇ ನಿಂತು ಹೊಡೆಸಿದರು. ಗುರಿ ಎಲ್ಲಿ, ಗುಂಡು ಎಲ್ಲಿ! ಅತ್ತೆ ನಗುತ್ತ ಬಗ್ಗಿ, ಆರಿದ ಖಾಲಿ ತೋಟೆಯನ್ನು ಹೆಕ್ಕಿದರು. ಇಂಥ ಸಣ್ಣ ತೋಟೆಗಳನ್ನು ಮತ್ತೆ ತುಂಬಲಾಗುವುದಿಲ್ಲ, ಒಮ್ಮೆ ಹೊಡೆದರೆ ಮುಗಿಯಿತು ಎಂದು ನಾನು ಹೇಳಿದೆ.

"ತೊಳೆದು ಪುನಃ ಉಪಯೋಗಕ್ಕೆ ಬರುದಿಲ್ವಾ? ಮತ್ತೆ ಎಂತಕ್ಕೆ ಹೊಡೆಯುದು!" ಎಂದು ಪಿಸ್ತೂಲು ತಿರುಗಿ ಕೊಟ್ಟರು. ಮತ್ತೆಂದೂ ಮುಟ್ಟಲಿಲ್ಲ.

ಊರಿನಲ್ಲಿ ಸುದ್ದಿ ಹೇಗೋ ಹಬ್ಬಿತ್ತು. ಒಂದು ಸಂಜೆ ಅವರ ಅಕ್ಕನ ಫೋನು ಬಂತು. ನನ್ನ ಗಂಡನ ದೊಡ್ಡಮ್ಮ, ಮನೆತನದಲ್ಲೇ ಹಿರಿಯರು. ಇಬ್ಬರದೂ ತುಳು, ಅಷ್ಟು ವರ್ಷದಲ್ಲಿ ನನಗೂ ಅರ್ಥವಾಗುತ್ತಿತ್ತು. ನಿನ್ನ ಸೊಸೆ ಗಂಡಸರ ಹಾಗೆ ಬಂದೂಕು ಹಿಡಿದು ತಿರುಗುತ್ತಾಳಂತೆ, ನೀನು ನೋಡಿಕೊಂಡು ಕೂತಿದ್ದೀಯಾ ಎಂದು ದೊಡ್ಡಮ್ಮ ಕೇಳುವುದು ಈಚೆಗೂ ಕೇಳಿಸಿತು. ನಾನು ಚಪಾತಿ ಲಟ್ಟಿಸುವ ಕೈ ನಿಲ್ಲಿಸಿದೆ.

"ನೋಡಿಕೊಂಡು ಕೂತಿಲ್ಲ ಅಕ್ಕ," ಎಂದರು ಅತ್ತೆ. "ಅವಳು ಹೊಡೀತಾಳೆ, ನಾನು ತೋಟೆ ತೊಳೆದು ಕೊಡ್ತೇನೆ."

ನಾನು ತವರಿನಲ್ಲಿ ಕೇಳದ ಮಾತದು. ಎನ್‌ಸಿಸಿಯಲ್ಲಿ ಪದಕ ತಂದಾಗ ನಮ್ಮ ಮನೆಯಲ್ಲಿ ಮೆಚ್ಚಿದ್ದರು, ಮದುವೆಯ ಮಾತು ಬಂದಾಗ ಅದನ್ನು ಕಪಾಟಿನಲ್ಲಿ ಇಟ್ಟಿದ್ದರು. ತಪ್ಪು ಯಾರದೂ ಅಲ್ಲ. ಆದರೆ ನಾನು ಮಾಡುವುದನ್ನು ತನ್ನ ಕೆಲಸವೂ ಹೌದು ಎಂದು ಹೇಳಿದವರು ಅವರೊಬ್ಬರೇ.

ಕಳೆದ ವರ್ಷ ಒಂದು ಬೆಳಿಗ್ಗೆ, ಚಹಾ ಕುಡಿಯುತ್ತ ಎದೆ ಹಿಡಿದುಕೊಂಡವರು ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟರು. ಅಮ್ಮಿ ನಮ್ಮ ಫ್ಲ್ಯಾಟಿಗೆ ಬಂದು, ನನ್ನ ಗಂಡನ ಕೈ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದು ಹೋದರು. ನಾವು ಅತ್ತೆಯನ್ನು ಊರಿಗೆ ಕೊಂಡೊಯ್ದೆವು.

ಉತ್ತರಕ್ರಿಯೆಯ ಊಟ ಮುಗಿದ ಮೇಲೆ ಜಗಲಿಯಲ್ಲಿ ಹೆಂಗಸರೆಲ್ಲ ಕೂತಿದ್ದರು. ನಡುವೆ ದೊಡ್ಡಮ್ಮ. ನನ್ನನ್ನು ಹತ್ತಿರ ಕರೆದರು. ನಾನು ಅಳುಕುತ್ತಲೇ ಹೋಗಿ ಕೂತೆ.

"ಹೋದ ಮ್ಯಾಚಿನಲ್ಲಿ ಆ ನರ್ಸು ನಿನಗಿಂತ ಮುಂದೆ ಹೋದಳಂತಲ್ಲ? ನಿನ್ನ ಮಣಿಕಟ್ಟು ಕೆಳಗೆ ಬೀಳ್ತದಂತೆ."

ನಾನು ಬೆರಗಾದೆ. "ನಿಮಗೆ ಹೇಗೆ ಗೊತ್ತು ದೊಡ್ಡಮ್ಮ?"

"ಹೇಗೆ ಗೊತ್ತು ಅಂದ್ರೆ? ಅವತ್ತು ನಾನು ಬೈದ ಮೇಲೆ ಪ್ರತೀ ಶುಕ್ರವಾರ, ನಿನಗೆ ಗೊತ್ತಾಗದ ಹಾಗೆ, ಫೋನು ಬರ್ತಿತ್ತು. ನಾವೆಲ್ಲ ಇಲ್ಲೇ ಕೂತು ಸ್ಪೀಕರಿಗೆ ಹಾಕಿ ಕೇಳುದು." ಸುತ್ತಲಿನ ಹೆಂಗಸರು ತಲೆಯಾಡಿಸಿದರು. ಒಬ್ಬಾಕೆ, ಬಿರುಗಾಳಿಯ ದಿನದ ಕಥೆಯನ್ನು ತಾನು ಹತ್ತು ಸಲ ಹೇಳಿಸಿದ್ದೇನೆ ಎಂದಳು. ಇನ್ನೊಬ್ಬಾಕೆ, ಅಮ್ಮಿ ಈಗ ಹೇಗಿದ್ದಾರೆ ಎಂದು ಕೇಳಿದಳು.

ದೊಡ್ಡಮ್ಮ ಕೇಳಿದರು, "ಇನ್ನು ತೋಟೆ ಯಾರು ತೊಳೆಯುದು?"

"ನಾನೇ ತೊಳೀತೀನಿ ದೊಡ್ಡಮ್ಮ."

"ಹಾಗಾದ್ರೆ ಫೋನೂ ನೀನೇ ಮಾಡು," ಎಂದರು ಅವರು. "ಶುಕ್ರವಾರ. ನಾವು ಕಾಯ್ತೇವೆ."

ಮಾಡುತ್ತಿದ್ದೇನೆ.